ಮಾವನ ಎದೆ ಮತ್ತು ಪಾವಗಡದ ಬಸ್ಸು

ನಮ್ಮ ಸೋದರಮಾವ ದಿನಕ್ಕೆ ಎರಡು ಸಲ ಸಾಯುತ್ತಿದ್ದ. ಹಬ್ಬದ ದಿನ ಮೂರು ಸಲ!

ಎಪ್ಪತ್ತರ ದಶಕದ ಮಾತು. ಕೊರಟಗೆರೆಯ ನಮ್ಮ ಮನೆಯ ಮುಂಭಾಗದಲ್ಲೇ ಅವನ ಬಟ್ಟೆ ಅಂಗಡಿ. ಸೀರೆ ಬಿಚ್ಚಿ ತೋರಿಸುತ್ತಿದ್ದವನು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಒಳಗೆ ಓಡಿ ಬರುತ್ತಿದ್ದ. ಬೆವರು, ನಡುಕ, ಮೇಲುಸಿರು. "ಅಕ್ಕಾ, ನಾನು ಹೊಂಟೆ ಕಣೇ!"

ಅಮ್ಮ ಒಲೆ ಮುಂದಿನಿಂದ ಏಳುತ್ತಲೂ ಇರಲಿಲ್ಲ. "ಮುದ್ದೆ ಆಯ್ತು, ಉಂಡ್ಕಂಡೋಗು."

ಉಣ್ಣುತ್ತಿದ್ದ, ಹೋಗುತ್ತಿದ್ದ. ಅಂಗಡಿಗೆ!

ಡಾಕ್ಟರು ಪರೀಕ್ಷೆ ಮಾಡಿ, "ನಿಮಗೇನೂ ಇಲ್ಲ" ಅಂದರು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರೋ ಇಲ್ಲವೋ? ಮಾವ ಇನ್ನಷ್ಟು ಬಿಳಿಚಿಕೊಂಡ. "ನೋಡ್ದ್ಯಾ ಅಕ್ಕಾ? ಡಾಕ್ಟ್ರಿಗೂ ಸಿಗ್ದಂಗೆ ಅವಿತ್ಕಂಡದೆ ರೋಗ!"

ಬಸ್ಸೆಂದರಂತೂ ಕಥೆ ಮುಗಿಯಿತು. ಮಧುಗಿರಿಯ ಮದುವೆಗೆಂದು ಹೊರಟವನು ಊರಾಚೆಯ ಮೊದಲ ತಿರುವಿನಲ್ಲೇ ಇಳಿದು, ಉಳಿದ ದಾರಿಯೆಲ್ಲ ನಡೆದ. ತಲುಪಿದಾಗ ಚಪ್ಪರ ಬಿಚ್ಚುತ್ತಿದ್ದರು. "ಜೀವ ಉಳೀತಲ್ಲ!" ಎಂದು ಮಿಕ್ಕಿದ್ದ ಲಾಡು ತಿಂದು ಬಂದ.

ಅಂಥವನು, ನನಗೆ ಪಾವಗಡದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಾಗ, "ನಾನು ಕರ್ಕಂಡೋಯ್ತೀನಿ" ಅನ್ನಬೇಕೇ! ಸಂಜೆಯೊಳಗೆ ಹಾಜರಾಗದಿದ್ದರೆ ಕೆಲಸ ತಪ್ಪುತ್ತಿತ್ತು. ಅಪ್ಪ ಇರಲಿಲ್ಲ. ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ನಾನು ಅತ್ತುಬಿಟ್ಟೆ, ಸಂತೋಷಕ್ಕಲ್ಲ.

ಮಧುಗಿರಿ ದಾಟುತ್ತಲೇ ಶುರುವಾಯಿತು. ಶರಟು ಒದ್ದೆ, ತುಟಿ ಬಿಳಿ. ಮಿಡಿಗೇಶಿಯಲ್ಲಿ ಎದ್ದು ಬಾಗಿಲವರೆಗೂ ಹೋದ. ನನ್ನ ಕೆಲಸ ಅಲ್ಲಿಗೆ ಹೋಯಿತು ಅಂದುಕೊಂಡೆ.

"ಏಮಯ್ಯಾ, ದಿಗ್ತಾವಾ ಲೇದಾ? ಇಳಿಯಂಗಿದ್ರೆ ಬಿರ್ರನೆ ಇಳಿ!" ಎಂದು ಕಂಡಕ್ಟರ್ ತೆಲುಗು ಬೆರೆಸಿ ಗದರಿದ.

ಮಾವ ನನ್ನ ಟ್ರಂಕು ನೋಡಿದ, ನನ್ನನ್ನು ನೋಡಿದ. ವಾಪಸ್ಸು ಬಂದು ಕೂತ.

ಹೊತ್ತಿಗೆ ಸರಿಯಾಗಿ ತಲುಪಿ ರುಜು ಹಾಕಿದೆ. ಹೊರಗೆ ಬಂದರೆ ಮಾವ ಜಗಲಿಯ ಮೇಲೆ ಇನ್ನೂ ನಡುಗುತ್ತಿದ್ದ.

"ಭಯ ಹೋಯ್ತಾ ಮಾವ?"

"ಎಲ್ಲೋಯ್ತದೆ? ಉದ್ದಕ್ಕೂ ಪಕ್ಕದಾಗೇ ಕೂತಿತ್ತು ಕಣಮ್ಮ. ಅದ್ಕೂ ಒಂದು ಟಿಕೀಟು ತಗಬೇಕಿತ್ತು!"

ಈ ಭಯವೇ ಒಂದು ಕಾಯಿಲೆ, ಅದಕ್ಕೆ ಹೆಸರಿದೆ, ಔಷಧಿಯಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಮಾತ್ರ ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮಾವನನ್ನು ಕೊರಟಗೆರೆಯ ಬಸ್ಸು ಹತ್ತಿಸಿದೆ. ಅದೇ ದಾರಿ, ಈಗ ಒಬ್ಬನೇ ಹೋಗಬೇಕು ಎಂಬುದು ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಓಡಿಹೋಗಿ ಕಿಟಕಿಗೆ ಕೈಬೀಸಿದೆ. ಮಾವ ನಕ್ಕ, ಆದರೆ ಕೈಬೀಸಲಿಲ್ಲ. ಎರಡು ಕೈಯಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದಿದ್ದ.