ಕರಡಿ ಗುಡ್ಡದಲ್ಲಿ ಬೀಗತಿಯ ಉಪಚಾರ

ಕೊಟ್ರಮ್ಮ: ಒಂದ ಒಂದು ಹೋಳಿಗಿ ತಗೋರಿ ಅಕ್ಕಾರ. ನನ್ನ ಮ್ಯಾಲ ಆಣಿ ಐತಿ.

ಚೆನ್ನಬಸಮ್ಮ: ಬ್ಯಾಡ್ರಿ ಬೀಗ್ರ, ಬ್ಯಾಡ. ಹೊಟ್ಟಿ ತುಂಬಿ ಇಲ್ಲೀಮಟ ಬಂದೈತಿ.

ಕೊಟ್ರಮ್ಮ: ಎಲ್ಲಿ ತುಂಬೈತ್ರಿ? ಮುಂಜಾನಿಂದ ಹಂಪಿಯಾಗ ಗುಡಿ ಗುಡಿ ಅಡ್ಡಾಡಿ ಎಲ್ಲ ಕರಗಿ ಹೋಗೈತಿ.

ಮೂಕಣ್ಣ: ಯವ್ವಾ! ತಿಂದ್ರ ತಿನ್ರಿ, ಬಿಟ್ರ ಬಿಡ್ರಿ. ಸದ್ದು ಮಾಡಬ್ಯಾಡ್ರಿ. ಸದ್ದು ಕೇಳಿದ್ರ ಕರಡಿ ಬರಂಗಿಲ್ಲ.

ದರೋಜಿ ಕರಡಿಧಾಮದ ವಾಚ್ ಟವರ್ ಅದು. ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಎದುರಿನ ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬಂದ ಕಾವಲುಗಾರ ಮೂಕಣ್ಣ ಮೂಲೆಯಲ್ಲಿ ಕೂತಿದ್ದ. ಅವನ ಮುಂದೆ ಮೂವರು: ಹೊಸಪೇಟೆಯಿಂದ ಗಣಿಗೆ ಲಾರಿ ಬಿಟ್ಟಿರುವ ವಿರುಪಾಕ್ಷಪ್ಪ, ಅವನ ಹೆಂಡತಿ ಕೊಟ್ರಮ್ಮ, ಕಂಪ್ಲಿಯ ಅಕ್ಕಿ ಗಿರಣಿಯ ಚೆನ್ನಬಸಮ್ಮ. ಕೊಟ್ರಮ್ಮನ ಮಗಳು ಶೈಲಜಾಳನ್ನು ಚೆನ್ನಬಸಮ್ಮನ ಮಗ ರೇವಣಸಿದ್ದನಿಗೆ ಕೊಡುವುದೆಂದು ಮಾತಾಗಿತ್ತು. ಉಳಿದಿದ್ದು ತಾರೀಖೊಂದೇ.

ರೇವಣಸಿದ್ದ ಕೂಸಾಗಿದ್ದಾಗ ಅಂಜಿ ಜ್ವರ ಹಿಡಿದು ಮಲಗಿದ್ದ. ಆಗ ಚೆನ್ನಬಸಮ್ಮ ಕರಡಿ ಆಡಿಸುವವನಿಂದ ಕರಡಿ ಕೂದಲಿನ ತಾಯಿತ ಕಟ್ಟಿಸಿ, ಇವನ ಮದುವೆ ತಾರೀಖನ್ನು ಕರಡಿಯ ಮುಖ ನೋಡಿಯೇ ಹೇಳುತ್ತೇನೆ ಎಂದು ಹರಕೆ ಹೊತ್ತಿದ್ದಳು. ಈಗ ಕರಡಿ ಆಡಿಸುವವರು ಊರಿಗೆ ಬರುವುದು ನಿಂತಿದೆ. ಹಾಗಾಗಿ ಕರಡಿ ಇರುವಲ್ಲಿಗೇ ಬೀಗರು ಬರಬೇಕಾಯಿತು.

ಕೊಟ್ರಮ್ಮ: ಅರ್ಧರ ತಗೋರಿ.

ಚೆನ್ನಬಸಮ್ಮ: ಒಲ್ಲೆ ಅಂದೆನಲ್ರಿ. ಖರೇನ ಬ್ಯಾಡ.

ವಿರುಪಾಕ್ಷಪ್ಪ: ಪಾಪ, ಒಲ್ಲೆ ಒಲ್ಲೆ ಅಂದ್ರ ಯಾಕ ಕಾಡ್ತಿಯಲೇ?

ಎಂದವನೇ ಡಬ್ಬಿಯ ಮುಚ್ಚಳ ಹಾಕಿಬಿಟ್ಟ. ಚೆನ್ನಬಸಮ್ಮನ ಮುಖ ಇಳಿಯಿತು. ನಮ್ಮ ಕಡೆ ಮೊದಲ ಮಾತಿಗೇ ಹೂಂ ಅಂದವರು ಆಸೆಬುರುಕರು, ಬೇಡ ಅಂದ ಕೂಡಲೇ ಕರೆಯುವುದು ಬಿಟ್ಟವರು ಜಿಪುಣರು. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಕೈ ಒಡ್ಡಬೇಕು. ವಿರುಪಾಕ್ಷಪ್ಪ ಮುಚ್ಚಳ ಹಾಕಿದ್ದು ಸರಿಯಾಗಿ ಎರಡಕ್ಕೂ ಮೂರಕ್ಕೂ ನಡುವೆ.

ಕೊಟ್ರಮ್ಮ: (ಗಂಡನ ತೊಡೆ ಚಿವುಟಿ, ಪಿಸುಮಾತಿನಲ್ಲಿ) ನಿಮಗ ಬುದ್ಧಿ ಐತೇನ್ರಿ? ಮೂರನೇ ಸಲ ಇನ್ನಾ ಕೇಳಿರಲಿಲ್ಲ!

ವಿರುಪಾಕ್ಷಪ್ಪ: ಖರೇನ ಬ್ಯಾಡ ಅಂದ್ರಲ್ಲಲೇ.

ಕೊಟ್ರಮ್ಮ: ಖರೇನ ಅಂದ್ರ ಸುಳ್ಳ! ಆಕಿ ಸಿಟ್ಟಾಗಿ ತಾರೀಖು ಹೇಳದಂಗ ಹೋದ್ರ?

ವಿರುಪಾಕ್ಷಪ್ಪ: ಅಯ್ಯೋ, ಹಂಗನಬ್ಯಾಡ. ಕಲ್ಯಾಣ ಮಂಟಪದಾವ ಸಂಜಿ ಒಳಗ ತಾರೀಖು ಹೇಳ್ರಿ ಅಂದಾನ. ಇಲ್ಲಂದ್ರ ಗಣಿ ಸಾವಕಾರ್ರು ವರ್ಷಾನುಗಟ್ಲೆ ಹಿಡಿದುಬಿಡ್ತಾರಂತ. ಸುಮಾರಾದ ಮಂಟಪ ಅದೊಂದ ಉಳದೈತಿ.

ಕೊಟ್ರಮ್ಮ ಲಗುಬಗೆಯಿಂದ ಡಬ್ಬಿ ತೆರೆದಳು. ಆದರೆ ಮುಚ್ಚಿದ ಡಬ್ಬಿ ತೆರೆದರೆ ಉಪಚಾರವೂ ಮೊದಲಿನಿಂದ ಶುರುವಾಗಬೇಕು.

ಚೆನ್ನಬಸಮ್ಮ: ಬ್ಯಾಡ್ರಿ. ಮುಚ್ಚೀರಿ, ಮುಚ್ಚಿರ್ಲಿ.

ಮೂಕಣ್ಣ: ಶ್‌ಶ್! ಬಂದಾವು ನೋಡ್ರಿ! ಎಡಗಡಿ ಬಂಡಿಗಲ್ಲಿನ ಮ್ಯಾಲ.

ವಿರುಪಾಕ್ಷಪ್ಪ ಚೀಲದಿಂದ ದುರ್ಬೀನು ತೆಗೆದ. ಗಣಿಯ ಲೋಡಿಂಗ್ ಸಾಲಿನಲ್ಲಿ ತನ್ನ ಲಾರಿ ಎಷ್ಟು ಮುಂದೆ ಬಂತೆಂದು ನೋಡಲು ಕೊಂಡಿದ್ದ ದುರ್ಬೀನು. ಅದನ್ನು ಕೊಟ್ರಮ್ಮ ಕಸಿದುಕೊಂಡಳು.

ಕೊಟ್ರಮ್ಮ: ತಗೋರಿ ಅಕ್ಕಾರ, ನೀವು ನೋಡ್ರಿ.

ಚೆನ್ನಬಸಮ್ಮ: ಛೇ, ಛೇ. ನಿಮ್ಮ ದುರ್ಬೀನು, ನೀವ ಮೊದಲು ನೋಡ್ರಿ.

ಕೊಟ್ರಮ್ಮ: ನನಗೇನು ಹರಕಿ ಐತೇನ್ರಿ? ನೀವ ನೋಡ್ರಿ.

ಚೆನ್ನಬಸಮ್ಮ: ಹರಕಿ ಇದ್ರೇನಾತು? ಹೆಣ್ಣು ಕೊಡೋರಕಿಂತ ಮೊದಲು ನೋಡಿದೆ ಅಂದ್ರ ನಾಳೆ ಕಂಪ್ಲಿಯಾಗ ಏನಂದಾರು?

ಮೂಕಣ್ಣ: ಯಾರೂ ಏನೂ ಅನ್ನಂಗಿಲ್ಲ, ನೋಡ್ರವ್ವಾ! ಅವು ನಿಂತಿರಂಗಿಲ್ಲ!

ದುರ್ಬೀನು ಇಬ್ಬರ ನಡುವೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಾಡತೊಡಗಿತು. ಇಬ್ಬರ ಮುಖವೂ ಒಬ್ಬರೊಬ್ಬರ ಕಡೆಗೆ, ಕರಡಿಯ ಕಡೆಗೆ ಯಾರ ಕಣ್ಣೂ ಇಲ್ಲ. ವಿರುಪಾಕ್ಷಪ್ಪ ಮಾತ್ರ ಬರಿಗಣ್ಣಿನಲ್ಲೇ ನೋಡುತ್ತ ಬಾಯಿ ತೆರೆದು ನಿಂತಿದ್ದ.

ವಿರುಪಾಕ್ಷಪ್ಪ: ಅಬಾಬಾ! ತಾಯಿ ಕರಡಿ! ಬೆನ್ನ ಮ್ಯಾಲ ಮರಿ ಕುಂತೈತಿ! ಬಂದದ್ದ ತಡ, ಬಂಡಿ ನೆಕ್ಕಾಕ ಹತ್ತೈತಿ ನೋಡ್ರಿ!

ಚೆನ್ನಬಸಮ್ಮ: (ತಿರುಗದೆ) ಬಂದದ್ದ ತಡ? ಯಾರೂ ಕರೀದ?

ವಿರುಪಾಕ್ಷಪ್ಪ: ಯಾರು ಕರೀತಾರ್ರಿ? ತಾನಾ ನೆಕ್ತೈತಿ.

ಕೊಟ್ರಮ್ಮ: ಶಿವ ಶಿವಾ! ಒಂದು ಮಾತರ ಬ್ಯಾಡ ಅನಬಾರದ?

ಚೆನ್ನಬಸಮ್ಮ: ಪುಣ್ಯ ಮಾಡ್ಯಾವ ಬಿಡ್ರಿ. ಅವಕ್ಕ ಯಾರೂ ಡಬ್ಬಿ ಮುಚ್ಚಂಗಿಲ್ಲ.

ಕೊಟ್ರಮ್ಮ ಕಣ್ಣಲ್ಲೇ ಗಂಡನನ್ನು ಸುಟ್ಟಳು. ಆಮೇಲೆ ಕೈ ಮುಗಿದು ದುರ್ಬೀನನ್ನು ಇನ್ನೊಮ್ಮೆ ಒಡ್ಡಿದಳು. ಚೆನ್ನಬಸಮ್ಮ, 'ನೀವು ಇಷ್ಟು ಅಂತೀರಿ ಅಂತ' ಎಂದು ನಿಟ್ಟುಸಿರು ಬಿಟ್ಟು ಕಣ್ಣಿಗೆ ಹಿಡಿದಳು.

ಚೆನ್ನಬಸಮ್ಮ: ಯವ್ವಾ! ಕೆಂಪು! ಗುಡ್ಡ ಕೆಂಪು, ಮುಗಿಲು ಕೆಂಪು! ಕರಡಿ ಎಲ್ಲೈತಿ?

ವಿರುಪಾಕ್ಷಪ್ಪ: ಅದಿರಿನ ಧೂಳ್ರಿ ಅದು. ಎಷ್ಟು ಒರಸಿದ್ರೂ ಮತ್ತ ಕುಂದರ್ತೈತಿ. ಹಂಗ ಜರಾ ಒರಸ್ರಿ.

ಚೆನ್ನಬಸಮ್ಮ ಸೆರಗಿನಿಂದ ಒರೆಸಿದಳು. ಕೊಟ್ರಮ್ಮ, 'ನಿಮ್ಮ ಸೀರಿ ಬ್ಯಾಡ, ನನ್ನ ಸೀರಿ ತಗೋರಿ' ಎಂದು ತನ್ನ ಸೆರಗು ಕೊಟ್ಟಳು. ಇಬ್ಬರ ಸೆರಗೂ ಕೆಂಪಾಯಿತು. ದುರ್ಬೀನು ಮತ್ತೆ ಕಣ್ಣಿಗೇರುವ ಹೊತ್ತಿಗೆ ಪಾಕವೆಲ್ಲ ಖಾಲಿಯಾಗಿ, ಕರಡಿ ಕುರುಚಲು ಗಿಡಗಳ ಸಂದಿಗೆ ಹೊರಟಿತ್ತು.

ಚೆನ್ನಬಸಮ್ಮ: ಕಂಡ್ತು, ಕಂಡ್ತು! ಆದ್ರ... ಇದು ಕುಂಡಿ ಅಲ್ಲೇನ್ರಿ?

ಕರಡಿ ಹೋಯಿತು.

ಚೆನ್ನಬಸಮ್ಮ: ಮಾರಿ ನೋಡ್ತೀನಿ ಅಂತ ಹರಕಿ ಹೊತ್ತಾಕಿ ನಾನು. ಕುಂಡಿ ನೋಡಿ ಹೆಂಗ ತಾರೀಖು ಹೇಳ್ಲಿ?

ಕೊಟ್ರಮ್ಮ: (ಅಳುದನಿಯಲ್ಲಿ) ನಾಳೆ ಮತ್ತ ಬರೂಣ್ರಿ ಅಕ್ಕಾರ. ಬೇಕಾದ್ರ ದಿನಾ ಬರೂಣು.

'ದಿನಾ' ಎಂಬ ಮಾತು ಕೇಳಿ ಮೂಕಣ್ಣ ದಡಕ್ಕನೆ ಎದ್ದ.

ಮೂಕಣ್ಣ: ಯವ್ವಾ, ನಾ ಹೇಳ್ತೀನಿ ಕೇಳ್ರಿ. ಕರಡಿಗೆ ಹಿಂದೂ ಕೂದಲ, ಮುಂದೂ ಕೂದಲ. ನಿಮ್ಮ ಮಗನ ತಾಯಿತದಾಗ ಮಾರಿ ಕೂದಲ ಇದ್ದವೇನು?

ಚೆನ್ನಬಸಮ್ಮ: (ಯೋಚಿಸಿ) ಇಲ್ಲಪಾ. ಕರಡಿ ಆಡ್ಸೋನು ಹಿಂದಿಂದನ ಕಿತ್ತಿದ್ದ.

ಮೂಕಣ್ಣ: ಮತ್ತ? ಎಲ್ಲಿಂದ ಕೂದಲ ಬಂತೋ ಅದನ್ನ ನೋಡೀರಿ. ಹರಕಿ ತೀರ್ತು.

ಚೆನ್ನಬಸಮ್ಮ ಕಣ್ಣು ಮುಚ್ಚಿ ಗುಡ್ಡಕ್ಕೆ ಕೈ ಮುಗಿದಳು. ಕೊಟ್ರಮ್ಮನಿಗೆ ಹೋದ ಜೀವ ಬಂತು.

ಕೊಟ್ರಮ್ಮ: ಹಂಗಾದ್ರ ತಾರೀಖು ಹೇಳ್ರಿ ಅಕ್ಕಾರ.

ಚೆನ್ನಬಸಮ್ಮ: ನಾ ಏನು ಹೇಳೋದು? ನೀವ ಹೇಳ್ರಿ, ನಾ ಒಪ್ತೀನಿ.

ಕೊಟ್ರಮ್ಮ: ಗಂಡಿನ ಕಡ್ಯಾರು ನೀವು. ನಾವು ಮೊದಲು ಬಾಯಿ ತೆಗದ್ರ ಛಂದ ಕಾಣತೈತೇನ್ರಿ?

ಚೆನ್ನಬಸಮ್ಮ: ಮಂಟಪ ನಿಮ್ಮೂರಾಗ. ನೀವ ಹೇಳ್ಬೇಕು.

ವಿರುಪಾಕ್ಷಪ್ಪ: ಯಾರರ ಒಬ್ರು ಹೇಳ್ರಿ! ಮಂಟಪದಾವ ಫೋನ್ ಹಚ್ಚಾಕ ಹತ್ಯಾನ!

ಕೊಟ್ರಮ್ಮ: ನೀವು ಸುಮ್ಕಿರ್ರಿ. ಹೇಳ್ರಿ ಅಕ್ಕಾರ.

ಚೆನ್ನಬಸಮ್ಮ: ಇಲ್ಲಿಲ್ಲ, ನಿಮ್ಮ ಬಾಯಿಂದನ ಬರ್ಲಿ.

ಮೂಕಣ್ಣ: (ಬೀಗದಕೈ ಕುಲುಕುತ್ತ) ಬಸವ ಜಯಂತಿ! ಬಸವ ಜಯಂತಿ ದಿನ ಮಾಡಿಬಿಡ್ರಿ! ಅವತ್ತ ಅಕ್ಷಯ ತದಿಗಿ, ಮುಹೂರ್ತ ಕೇಳೋದೂ ಬ್ಯಾಡ. ಈಗ ಇಳೀರಿ, ನಾ ಗೇಟ್ ಹಾಕ್ಬೇಕು!

ಬೀಗತಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಬಾಯಿ ತೆರೆದ ಅಪವಾದ ಯಾರಿಗೂ ಬರಲಿಲ್ಲ. ವಿರುಪಾಕ್ಷಪ್ಪ ಫೋನಿಗೆ 'ಬಸವ ಜಯಂತಿ, ಬಸವ ಜಯಂತಿ' ಎಂದು ಕೂಗಿದ. ಮಂಟಪ ಸಿಕ್ಕಿತು.

ಕೊಟ್ರಮ್ಮ: ಮೂಕಣ್ಣಾರ, ದೇವರು ಬಂದಂಗ ಬಂದು ಹೇಳಿದ್ರಿ. ಮದುವಿಗೆ ನೀವು ಬರ್ಲೇಬೇಕು.

ಮೂಕಣ್ಣ: ನಾನಾ? ಬ್ಯಾಡ ಯವ್ವಾ.

ಕೊಟ್ರಮ್ಮ: ಹಂಗಂದ್ರ ಹೆಂಗ? ನಮ್ಮ ಜೊತಿ ಮುಂದಿನ ಪಂಕ್ತಿಯಾಗ ಊಟಕ್ಕ ಕುಂದರಸ್ತೀವಿ.

ಮೂಕಣ್ಣ: ನಿಮ್ಮಿಬ್ಬರ ನಡುವ? ಕೈ ಮುಗೀತೀನಿ, ನಾ ಒಲ್ಲೆ! ಖರೇನ ಒಲ್ಲೆ!

ಚೆನ್ನಬಸಮ್ಮ ಕೊಟ್ರಮ್ಮನ ಕಿವಿಯಲ್ಲಿ ಮೆಚ್ಚುಗೆಯಿಂದ ಪಿಸುಗುಟ್ಟಿದಳು:

– ಎಂಥ ಮರ್ಯಾದಿ ಮನಶಾ ನೋಡ್ರಿ ಬೀಗ್ರ! ಎರಡು ಸಲ ಆತು. ಇನ್ನೊಂದ ಸಲ ಕರೀರಿ, ಬರ್ತಾನ.