ಇಬ್ಬರಲ್ಲಿ ಮುದುಕಿ ಯಾರು?

ಗೋಡೆ ತೊಳೆಯಲೆಂದು ಗುಮಾಸ್ತ ಕೊಟ್ಟಿಗೆಯ ಎರಡು ಹಲಗೆಗಳನ್ನು ಮೊಳೆಯಿಂದ ಇಳಿಸಿದ್ದೇ ತಪ್ಪಾಯಿತು. ಒಂದರಲ್ಲಿ ‘ವಯಸ್ಸು ನಾಲ್ಕು, ಹಾಲು ಮೂವತ್ತು ಲೀಟರ್’ ಎಂದಿತ್ತು. ಇನ್ನೊಂದರಲ್ಲಿ ‘ವಯಸ್ಸು ಹನ್ನೊಂದು, ಹಾಲು ಆರು ಲೀಟರ್’. ಗೋಡೆಯೇನೋ ಫಳಫಳ ಹೊಳೆಯಿತು. ಯಾವ ಹಲಗೆ ಯಾವ ಹಸುವಿನದು ಎಂಬುದು ಮಾತ್ರ ತಲೆಯಿಂದ ಹಾರಿಹೋಗಿತ್ತು.

ಡೈರಿಗೆ ಸೇರಿ ಅವನಿಗೆ ಮೂರೇ ದಿನ. ಸಂಜೆಯ ಲಾರಿಗೆ ಮುದಿ ಹಸುವನ್ನು ಯಜಮಾನರ ತಂಗಿಯ ಮನೆಗೆ ಕಳಿಸಬೇಕಿತ್ತು. ಮನೆಮಟ್ಟಿಗೆ ಆರು ಲೀಟರ್ ಧಾರಾಳ. "ಹಸು ಅದಲುಬದಲಾದ್ರೆ ನಾಳೆಯಿಂದ ನೀನು ಬರಬೇಡ," ಎಂದು ಗುಡುಗಿ ಯಜಮಾನರು ಪರವೂರಿಗೆ ಹೋಗಿದ್ದರು. ಹಾಲು ಕರೆಯುವವಳೂ ಬೆಳಗಿನ ಕೆಲಸ ಮುಗಿಸಿ ಹೊರಟುಹೋಗಿದ್ದಳು.

ಒಂದು ಹಸುವಿನ ಪಕ್ಕೆಲುಬು ಎಣಿಸಬಹುದಿತ್ತು, ಸೊಂಟದ ಮೂಳೆಗೆ ಕೊಡೆ ತೂಗುಹಾಕಬಹುದಿತ್ತು. ಇನ್ನೊಂದು ಮದುವಣಗಿತ್ತಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

"ಇದರಲ್ಲಿ ಕೇಳೋದೇನಿದೆ? ಒಣಕಲೇ ಮುದುಕಿ," ಎಂದ ಕಾವಲುಗಾರ.

"ಸುಮ್ನಿರೋ! ನಾನೂ ಒಣಕಲೇ, ನಿನಗಿಂತ ಚಿಕ್ಕೋಳು," ಎಂದಳು ಮೇವು ಹಾಕುವ ಅಕ್ಕ.

"ನಿಮಗೆ ಗೊತ್ತಿರಬೇಕಲ್ಲಕ್ಕ?" ಎಂದ ಗುಮಾಸ್ತ.

"ನಾನು ಬಾಯಿ ನೋಡಿ ಮೇವು ಹಾಕ್ತೀನಪ್ಪ, ವಯಸ್ಸು ಕೇಳಲ್ಲ." ಆದರೂ ಅವನ ಬೆವರು ಕಂಡು ಒಂದು ಚೊಂಬು ನೀರು ತಂದುಕೊಟ್ಟಳು. "ದನದ ಡಾಕ್ಟರಮ್ಮನ್ನ ಕರಿ, ಹೋಗು."

ಡಾಕ್ಟರಮ್ಮ ಬಂದು ಎರಡೂ ಹಸುಗಳ ಬಾಯಿ ಬಿಡಿಸಿ ನೋಡಿದರು.

"ಮಿಂಚ್ತಿದೆಯಲ್ಲ, ಅದೇ ಮುದುಕಿ. ಹಲ್ಲೆಲ್ಲ ಸವೆದು ಮೊಂಡಾಗಿದೆ."

"ಮತ್ತೆ ಈ ಅಸ್ಥಿಪಂಜರ?"

"ಚಿಕ್ಕ ಹುಡುಗಿ. ಈಚೆಗೆ ಕರು ಹಾಕಿದಾಳೆ. ಎಷ್ಟು ತಿಂದ್ರೂ ಹಾಲಿಗೇ ಸಾಲಲ್ಲ, ಮೈಯ ಕೊಬ್ಬು ಕರಗಿಸಿ ಕೊಡ್ತಾಳೆ. ಹೀಗೇ ಸುರೀತಿದ್ರೆ ಬೇಗ ಮುಪ್ಪು ಬರುತ್ತೆ, ಪಾಪ. ಆ ದೊಡ್ಡಮ್ಮ ಕೊಡೋದು ಕಡಿಮೆ, ತಿಂದದ್ದೆಲ್ಲ ಮೈಗೆ."

"ಅಂದ್ರೆ ಹುಡುಗಿ ಮುದುಕಿ ಥರ, ಮುದುಕಿ ಹುಡುಗಿ ಥರ, ಹಾಗಾದ್ರೆ..."

"ಮೊದಲು ಹಲಗೆ ತಗುಲಿಸಪ್ಪ!"

ತಗುಲಿಸಿದ. ಮೂರು ಸಲ ಓದಿದ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಎದುರಿನ ಅಂಗಡಿಗೆ ಹೋಗಿ ಒಂದು ಲೋಟ ಚಹಾ ಹೇಳಿದ. ಸಂಜೆಯ ಲಾರಿ ಡೈರಿಯೊಳಗೆ ಹೋದರೂ, ಹಲಗೆ ಇದೆಯಲ್ಲ ಎಂದು ಕೂತೇ ಇದ್ದ. ಚಹಾ ಬಂದು ಮೊದಲ ಗುಟುಕು ಇಳಿಯುವಷ್ಟರಲ್ಲಿ ಅದು ಹಸು ಹತ್ತಿಸಿಕೊಂಡು ಗೇಟಿನಿಂದ ಹೊರಬಂತು. ತಲೆ ನರೆತ ಡ್ರೈವರ್ ಕಿಟಕಿಯಿಂದ ಬಾಗಿ ಪಿಸುಗುಟ್ಟಿದ:

"ಏನ್ ಗುಮಾಸ್ತ್ರೇ, ಹಲಗೆ ತಿರುಗಾಮುರುಗಾ ಹಾಕಿದ್ರಲ್ಲ! ಮೂವತ್ತು ವರ್ಷದಿಂದ ಹಸು ಸಾಗಿಸ್ತಿದೀನಿ, ನನಗೆ ಗೊತ್ತಾಗಲ್ವಾ? ನಾನೇ ಸರಿ ಮಾಡಿ ಆ ಒಣಕಲು ಮುದುಕೀನ ಹತ್ತಿಸ್ಕೊಂಡಿದೀನಿ. ಹೆದರಬೇಡಿ, ಯಜಮಾನ್ರಿಗೆ ಹೇಳಲ್ಲ."

ಲಾರಿ ಹೊರಟಿತು. ಗುಮಾಸ್ತ ಲೋಟ ಹಿಡಿದುಕೊಂಡೇ, ಚಹಾ ಚೆಲ್ಲುತ್ತ, ಕೈ ಬೀಸುತ್ತ ಹಿಂದೆ ಓಡಿದ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅವನ ಮನಸ್ಸು ತುಂಬಿಬಂತು.

"ಅಯ್ಯೋ, ಇಷ್ಟಕ್ಕೆಲ್ಲ ಥ್ಯಾಂಕ್ಸ್ ಯಾಕೆ ಬಿಡಿ!" ಎಂದು ಕೂಗಿ, ಕೈ ಬೀಸಿ, ವೇಗ ಹೆಚ್ಚಿಸಿದ.