ಮಾವನವರ ಅಂಗಿಯ ಮೈಕು

ನಲವತ್ತೊಂಬತ್ತಕ್ಕೆ ಎಲ್ಲರಿಗೂ ಮಂಡಿನೋವು ಶುರುವಾಗುತ್ತದೆ. ನನಗೆ ವಿಡಿಯೋ ಶುರುವಾಯಿತು. ಹುಣಸೂರಿನ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತನಾಗಿರುವ ನಾನು, ಅಲ್ಲೇ ಒಂದು ಸ್ಟುಡಿಯೋದಲ್ಲಿ ಹತ್ತು ಭಾನುವಾರ ತರಬೇತಿ ಪಡೆದೆ. ಕೊನೆಯ ದಿನ ನನ್ನ ಗುರು ದೇವರಾಜು (ವಯಸ್ಸಿನಲ್ಲಿ ನನ್ನ ಅರ್ಧ, ಗಡ್ಡದಲ್ಲಿ ದುಪ್ಪಟ್ಟು) ಉಪದೇಶ ಮಾಡಿದ.

"ಸಾರ್, ನಾನ್ ಹೇಳ್ಕೊಡೋದು ಮುಗೀತು. ಇನ್ನು ನಿಮ್ ಕೈ ಕೆಸರಾಗ್ಬೇಕು. ಮನೆಯವ್ರಿಂದ್ಲೇ ಶುರು ಮಾಡಿ. ಅವ್ರು ಬಯ್ತಾರೆ, ಆದ್ರೆ ಓಡೋಗಲ್ಲ."

ಅವನಿಗೆ ಮದುವೆಯಾಗಿಲ್ಲ. ನನ್ನ ಹೆಂಡತಿ ನೀಲಾಂಬಿಕೆ ಎರಡನ್ನೂ ಮಾಡಿದಳು. ದೋಸೆ ಮಗುಚುವ ರಮಣೀಯ ದೃಶ್ಯವನ್ನು ಮೂರು ದಿಕ್ಕಿನಿಂದ ಹಿಡಿಯುವಷ್ಟರಲ್ಲಿ ದೋಸೆ ಇದ್ದಿಲಾಗಿತ್ತು.

"ರೀ, ಇನ್ನೊಂದ್ಸಲ ಮಗುಚು ಅಂದ್ರೆ ನಿಮ್ ಕ್ಯಾಮೆರಾ ಮೇಲೇ ಮಗುಚ್ತೀನಿ," ಎಂದು ಹಿತ್ತಲಿಗೆ ನಡೆದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದು ಬಾಗಿಲಲ್ಲೇ ನಿಂತಳು. "ಕೈಲಾದ್ರೆ ನಮ್ಮಪ್ಪನ್ನ ಹಿಡೀರಿ. ಅವ್ವನ ದನಿ ನಮ್ಮತ್ರ ಒಂದು ತುಣುಕೂ ಇಲ್ಲ. ಅಪ್ಪಂದಾದ್ರೂ ಇರ್ಲಿ."

ಅತ್ತೆ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ನಾನು ತಮಾಷೆ ಮಾಡಲಿಲ್ಲ.

ಮಾವ ಪುಟ್ಟಮಲ್ಲಪ್ಪನವರು ಕಂಪಲಾಪುರದ ಹತ್ತಿರ ನಲವತ್ತು ವರ್ಷ ಹೊಗೆಸೊಪ್ಪು ಬೆಳೆದವರು. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಕೋಣೆಯ, ಅಂದರೆ ಬ್ಯಾರನ್ನಿನ, ಬಾಗಿಲ ಸಂದಿಗೆ ಮೂಗಿಟ್ಟರೆ ಸಾಕು, ಒಳಗಿನ ಹದ ಹೇಳಿಬಿಡುತ್ತಿದ್ದರಂತೆ. ನನ್ನೊಡನೆ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಅವರು ಆಡಿದ್ದು ಎರಡೇ ಮಾತು. "ಬಂದ್ರಾ ಅಳಿಯಂದ್ರೇ" ಮತ್ತು "ಒಂಟ್ರಾ ಅಳಿಯಂದ್ರೇ". (ಎರಡನೆಯದರಲ್ಲಿ ಉತ್ಸಾಹ ಹೆಚ್ಚೆಂಬುದು ನನ್ನ ಗುಮಾನಿ.)

ಮುಂದಿನ ಭಾನುವಾರ ಅವರ ಊರಿಗೆ ಹೋಗಿ, ಅವರನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ತಂತಿಯಿಲ್ಲದ ಪುಟ್ಟ ಮೈಕನ್ನು ಅವರ ಅಂಗಿಗೆ ಸಿಕ್ಕಿಸಿ, ಅದರ ದನಿ ಕೇಳಲು ನನ್ನ ಕಿವಿಗೆ ಇಯರ್‌ಫೋನ್ ಏರಿಸಿ, ಗುಂಡಿ ಒತ್ತಿದೆ.

"ಮಾವ, ಈ ಕೆಲಸ ಹೇಗೆ ಕಲಿತ್ರಿ?"

"ಮಾಡ್ತಾ ಮಾಡ್ತಾ."

"ಆಗಿನ ಕಾಲ ಹೇಗಿತ್ತು?"

"ಇತ್ತು."

"ಅತ್ತೆಯವರ ಬಗ್ಗೆ ಏನಾದ್ರೂ..."

ಅವರು ಕ್ಯಾಮೆರಾವನ್ನೇ ದಿಟ್ಟಿಸಿದರು. "ಬೀಡಿ ಸೇದ್ಕೊಂಡ್ ಬತ್ತೀನಿ," ಎಂದು ಎದ್ದು ಹಿತ್ತಲಿಗೆ ಹೋದರು.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದೆ, ಅವರ ಅಂಗಿಯ ಮೈಕು ತೆಗೆಯುವುದನ್ನೂ ಮರೆತಿದ್ದೆ. ಕಿವಿಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಹಿತ್ತಲಲ್ಲಿ ದಾಸಯ್ಯನಿದ್ದ. ಮಾವನ ಜೊತೆ ವರ್ಷಾನುಗಟ್ಟಲೆ ಬ್ಯಾರನ್ನಿಗೆ ಸೌದೆ ಒಟ್ಟಿದವನು.

"ಏನ್ ಯಜಮಾನ್ರೇ, ಪಿಚ್ಚರ್ ಮುಗೀತಾ?"

"ಅವಳ ಬಗ್ಗೆ ಕೇಳುದ್ರು ಕಣೋ ದಾಸಯ್ಯ. ಏನಂತ ಏಳ್ಲಿ."

ಆಮೇಲೆ ಮಾವ ಮಾತಾಡಿದರು. ಬಿತ್ತಿದ್ದು, ಸೊಪ್ಪು ಮುರಿದಿದ್ದು, ಕಡ್ಡಿಗೆ ಪೋಣಿಸಿ ಕಟ್ಟುವುದರಲ್ಲಿ ಅತ್ತೆಯ ಕೈಚಳಕ, ಎಲ್ಲ ಹೇಳಿದರು. ಕೊನೆಗೆ ದನಿ ತಗ್ಗಿತು.

"ಒಂದ್ ವರ್ಷ ಉರಿ ನೋಡ್ಕೋ ಅಂತ ಅವಳ್ನ ಕೂರ್ಸಿ ಮಲಿಕ್ಕೊಂಡೆ. ನಿದ್ದೆ ಅತ್ಬುಡ್ತು ಅವಳ್ಗೆ. ಉರಿ ತಗ್ಗಿ ಸೊಪ್ಪೆಲ್ಲ ಕಪ್ಪಾಯ್ತು. ಊರೇ ಕೇಳಂಗೆ ಬಯ್ದೆ. ಸಂಜೆ ಕೈ ಮುಟ್ಟುದ್ರೆ ಕೆಂಡ. ಜ್ವರ ಅಂತ ಅವಳೂ ಏಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬ್ಯಾರನ್ ಕಾವ ಆಚೆ ನಿಂತ್ಕೊಂಡೇ ಏಳೋನು ಕಣೋ ನಾನು."

ನಾನು ಆಗಲೇ ಇಯರ್‌ಫೋನ್ ತೆಗೆಯಬೇಕಿತ್ತು. ತೆಗೆಯಲಿಲ್ಲ. ಅದಕ್ಕೆ ಶಿಕ್ಷೆ ಕೂಡಲೇ ಬಂತು.

"ನಮ್ ಅಳಿಯಂದ್ರ ನೋಡು. ಒಂದ್ ಕೆಲ್ಸ ನೆಟ್ಟಗ್ ಬರಾಕಿಲ್ಲ. ಜೇನು ಸಾಕುದ್ರು, ಹುಳ ಗೂಡು ಬುಟ್ಟು ಓಡೋದೋ. ಅಣಬೆ ಆಕುದ್ರು, ಒಂದೂ ಏಳ್ಲಿಲ್ಲ. ಈಗ ಇದು. ಆದ್ರೂ ನೀಲನ್ನ ಒಂದಿನ ಅಳಿಸ್ಲಿಲ್ಲ ಬುಡು. ಎಲ್ಲಾ ಕೆಲ್ಸ ಬತ್ತಿತ್ತು ನಂಗೆ, ಅದೊಂದ್ ಬುಟ್ಟು."

ಮಾವ ವಾಪಸು ಬಂದಾಗ ತಲೆ ತಗ್ಗಿಸಿ ನಿಜ ಹೇಳಿದೆ. ಅವರು ಅಂಗಿಯ ಮೈಕನ್ನು ದನದ ಮೈಯ ಉಣ್ಣೆಹುಳವನ್ನು ನೋಡುವಂತೆ ನೋಡಿದರು.

"ಅಷ್ಟೂ ಕೇಳ್ತಾ?"

"ಕೇಳ್ತು ಮಾವ. ಬೇಡ ಅಂದ್ರೆ ಈಗ್ಲೇ ಅಳಿಸಿ ಹಾಕ್ತೀನಿ."

ಮಾವ ಮೈಕು ಬಿಚ್ಚಿ ನನ್ನ ಕೈಗಿಟ್ಟರು. "ನೀಲ ಕೇಳ್ಲಿ. ಅವಳೇಳ್ದಂಗೆ ಮಾಡಿ."

ಅವಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳಿದಳು. ಮುಖ ತೊಳೆದುಕೊಂಡು ಹೊರಗೆ ಬಂದಳು. "ಒಂದಕ್ಷರ ಕತ್ತರಿಸ್ಬೇಡಿ."

"ಜೇನು, ಅಣಬೆ ಇರೋ ಎರಡು ವಾಕ್ಯ ಮಾತ್ರ, ಕಲಾತ್ಮಕ ದೃಷ್ಟಿಯಿಂದ..."

"ಒಂದಕ್ಷರಾನೂ."

ಅತ್ತೆಯ ವರ್ಷದ ದಿನ ನೆಂಟರೆಲ್ಲ ಸೇರಿದರು. ಟಿವಿಗೆ ಜೋಡಿಸಿ ಹಾಕಿದೆ. ಹತ್ತೊಂಬತ್ತು ನಿಮಿಷ ಒಂದು ಖಾಲಿ ಕುರ್ಚಿ, ಅದರ ಮೇಲೆ ಸರಿಯುವ ಬಿಸಿಲು, ಮಾವನ ದನಿ. ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಹತ್ತು ಭಾನುವಾರ ಕಲಿತದ್ದರಲ್ಲಿ ಒಂದನ್ನೂ ಬಳಸದೆ ಇಂಥದ್ದೊಂದು ಮಾಡಿದೆನಲ್ಲ ಎಂದು ನನಗೇ ಬೆರಗಾಯಿತು.

ಅಷ್ಟರಲ್ಲಿ ಮಾವನ ಮಾತಿನಲ್ಲಿ ನನ್ನ ಜೇನುಹುಳ ಗೂಡು ಬಿಟ್ಟವು. ಒದ್ದೆ ಕಣ್ಣಿನ ಮೂವತ್ತು ಮುಖಗಳು ಒಟ್ಟಿಗೆ ನನ್ನತ್ತ ತಿರುಗಿದವು. ಯಾರೋ ಕಿಸಕ್ಕೆಂದರು. ಆಮೇಲೆ ಅಳುತ್ತಿದ್ದವರೆಲ್ಲ ನಗುತ್ತಿದ್ದರು, ನೀಲಾಂಬಿಕೆ ಎಲ್ಲರಿಗಿಂತ ಜೋರಾಗಿ. ಅಲ್ಲಿಯತನಕ ತಲೆ ಬಗ್ಗಿಸಿ ಕುಳಿತಿದ್ದ ಮಾವ ಮೆಲ್ಲಗೆ ಮುಖ ಎತ್ತಿದರು.

"ಚೆನ್ನಾಗ್ ಕೇಳಿಸ್ತದೆ ಅಳಿಯಂದ್ರೇ. ಆ ಜೇನಿಂದ ಇನ್ನೊಂದ್ಸಲ ಆಕಿ."

ಅವತ್ತು ನಾಲ್ಕು ಸಲ ಹಾಕಿಸಿದರು. ಹಿಂದಕ್ಕೆ ತಿರುಗಿಸಿ ಸರಿಯಾದ ಜಾಗಕ್ಕೆ ನಿಲ್ಲಿಸುವುದರಲ್ಲಿ ನನಗೀಗ ಒಳ್ಳೆಯ ಕೈ ಕೂತಿದೆ.